ಹಳೆಯ 207 ಪಿಕಪ್: ಮನೆ ಪಕ್ಕದಲ್ಲಿ ಮಾಡಿದ ಕೆಲಸ, ಹೊರಗೆ ಕೊಟ್ಟ ಕೆಲಸ

ನನ್ನ ಬಳಿ ಇರುವುದು 2006ರ ಟಾಟಾ 207 ಡಿಐ ಪಿಕಪ್. ನೆಲಮಂಗಲದ ಕಡೆಯ ನಮ್ಮ ದೊಡ್ಡಪ್ಪನ ಮಗ ಬಹಳ ವರ್ಷ ಅದರಲ್ಲಿ ಯಶವಂತಪುರದ ಎಪಿಎಂಸಿಗೆ ಈರುಳ್ಳಿ, ಆಲೂಗಡ್ಡೆ ಸಾಗಿಸುತ್ತಿದ್ದರು. ಹೊಸ ಗಾಡಿ ಬಂದ ಮೇಲೆ ಇದು ಹೊಂಗೆ ಮರದ ಕೆಳಗೆ ನಿಂತುಬಿಟ್ಟಿತ್ತು. ನನ್ನ ಪತ್ನಿ ಹೆಸರಘಟ್ಟ ರಸ್ತೆಯಲ್ಲಿ ನಡೆಸುವ ಸಣ್ಣ ನರ್ಸರಿಗೆ ಕುಂಡ, ಕೆಮ್ಮಣ್ಣು, ಗೊಬ್ಬರದ ಚೀಲಗಳನ್ನು ಹೊರಲು ಒಂದು ಗಾಡಿ ಬೇಕಾಗಿತ್ತು. ಪೀಣ್ಯದ ಟೂಲ್ ರೂಮಿನಲ್ಲಿ ದುಡಿಯುವ ನನಗೆ ಕಬ್ಬಿಣದ ಗುಣ ಒಂದಿಷ್ಟು ತಿಳಿದಿತ್ತು. ಗುಜರಿಯವರು ಹೇಳಿದ್ದ ಬೆಲೆಗಿಂತ ತುಸು ಹೆಚ್ಚು ಕೊಟ್ಟು ಕೊಂಡು, ಆರ್‌ಸಿಯನ್ನು ನಮ್ಮ ಹೆಸರಿಗೆ ಮಾಡಿಸಿ, ಜಾಲಹಳ್ಳಿಯಲ್ಲಿರುವ ನಮ್ಮ ಮನೆಯ ಪಕ್ಕದ ಖಾಲಿ 30×40 ಸೈಟಿಗೆ ಎಳೆದು ತರಿಸಿದೆ. ಸೈಟಿನ ಯಜಮಾನರು ಹಾಕಿದ ಷರತ್ತು ಒಂದೇ: ನೆಲಕ್ಕೆ ಆಯಿಲ್ ಚೆಲ್ಲಬಾರದು. ಅಕ್ಕಪಕ್ಕದ ಮನೆಯವರು ಇನ್ನೊಂದನ್ನು ಸೇರಿಸಿದರು: ಸಂಜೆ ಆರರ ಮೇಲೆ ಗ್ರೈಂಡರ್ ಓಡಿಸಬಾರದು.

ಮನೆಯಲ್ಲಿ ರಿಪೇರಿ ಮಾಡುವುದಕ್ಕೆ ಈ ಗಾಡಿ ತಕ್ಕದ್ದು ಎಂದು ನಾನು ನಂಬಿದ್ದಕ್ಕೆ ಕಾರಣವಿದೆ. ಇದರ 2956 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಟಾಟಾ 407 ಲಾರಿಯ ಎಂಜಿನ್ ಮನೆತನದ್ದೇ ಆಗಿದೆ. 407 ರಸ್ತೆಗಿಳಿದದ್ದು 1986ರಲ್ಲಿ. ಅಂದಿನಿಂದ ಅದರ ಬಿಡಿಭಾಗಗಳು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇಲ್ಲವೆಂದದ್ದೇ ಇಲ್ಲ. ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್ ಆದ್ದರಿಂದ ದೋಷ ಹುಡುಕಲು ಸ್ಕ್ಯಾನರ್ ಬೇಕಿಲ್ಲ, ಸ್ಪ್ಯಾನರ್ ಸಾಕು. ಹಾಗೆಂದು ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇನೆಂಬ ಹಟ ನನಗಿರಲಿಲ್ಲ. ಅಳತೆಯ ಯಂತ್ರ ಬೇಕಾದ ಕೆಲಸ ಹೊರಗೆ ಹೋಗಬೇಕು, ತಾಳ್ಮೆ ಮಾತ್ರ ಬೇಕಾದ ಕೆಲಸ ಮನೆಯಲ್ಲಿ ಆಗಬೇಕು ಎಂದು ಮೊದಲೇ ಗೆರೆ ಎಳೆದುಕೊಂಡಿದ್ದೆ. ಬಣ್ಣ ಎಲ್ಲಕ್ಕಿಂತ ಕೊನೆಗೆ ಎಂಬುದೂ ಆಗಲೇ ತೀರ್ಮಾನವಾಗಿತ್ತು.

ಗಾಡಿಯನ್ನು ಎತ್ತಿ ನಿಲ್ಲಿಸುವ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ನಮ್ಮ ಊರಿನಲ್ಲಿ ಕೈಗೆ ಸಿಗುವ ಸಿಮೆಂಟ್ ಬ್ಲಾಕ್‌ಗಳನ್ನೇ ಚಕ್ರದ ಬಳಿ ಪೇರಿಸಿ ಕೆಳಗೆ ಮಲಗುವವರನ್ನು ಎಷ್ಟೋ ಕಡೆ ಕಂಡಿದ್ದೇನೆ. ಅವು ಗೋಡೆಯಲ್ಲಿ ಸಮನಾದ ಭಾರವನ್ನು ಹೊರುತ್ತವೆಯೇ ಹೊರತು ಕಬ್ಬಿಣದ ಒಂದು ಮೂಲೆಯ ಒತ್ತಡಕ್ಕೆ ಮುನ್ಸೂಚನೆ ಇಲ್ಲದೆ ಸೀಳಿಬಿಡುತ್ತವೆ. ಜಾಕ್ ಇರುವುದು ಎತ್ತಲು. ನಿಲ್ಲಿಸಲು ಉಕ್ಕಿನ ಸ್ಟ್ಯಾಂಡ್, ಅದರ ಕೆಳಗೆ ಮಣ್ಣಿನಲ್ಲಿ ಹೂತುಹೋಗದಂತೆ ದಪ್ಪ ಹಲಗೆ ಇರಬೇಕು.

ಮೊದಲು ನೋಡಿದ್ದು ಚಾಸಿಯನ್ನು. ಹಿಂದಿನ ಸ್ಪ್ರಿಂಗ್ ಹ್ಯಾಂಗರಿನ ಬಳಿ, ಚಾಸಿಯ ಸಿ ಆಕಾರದ ಪಟ್ಟಿಯ ಒಳಗೆ ಕೈ ಹಾಕಿದಾಗ ಮೆತ್ತನೆಯ ಒಂದು ಪದರ ಸಿಕ್ಕಿತು. ಎಳೆದು ತೆಗೆದರೆ ಅದು ವರ್ಷಗಟ್ಟಲೆ ಉದುರಿದ ಈರುಳ್ಳಿ ಸಿಪ್ಪೆ. ಧೂಳು ಮತ್ತು ಮಳೆನೀರಿನೊಡನೆ ಸೇರಿ ಒದ್ದೆ ಗೋಣಿತಾಟಿನಂತೆ ಗಟ್ಟಿಯಾಗಿತ್ತು. ಅದರ ಅಡಿಯಲ್ಲಿ ಕಬ್ಬಿಣ ಹೊಟ್ಟು ಹೊಟ್ಟಾಗಿ ಏಳುತ್ತಿತ್ತು. ವೈರ್ ಬ್ರಷ್ ಹಾಕಿ ಉಜ್ಜಿ, ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ಬಡಿಯುತ್ತಾ ಹೋದೆ. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ, ಸವೆದ ಕಬ್ಬಿಣದ ಸದ್ದು ಮಂಕಾಗಿರುತ್ತದೆ. ಅದೃಷ್ಟವಶಾತ್ ಚಾಸಿಯ ತುಕ್ಕು ಮೇಲ್ಪದರದಲ್ಲೇ ನಿಂತಿತ್ತು. ಚಾಸಿಯೇ ತೂತಾಗಿದ್ದರೆ ನಾನು ಈ ಗಾಡಿಯನ್ನು ಅಲ್ಲಿಗೇ ಕೈಬಿಡುತ್ತಿದ್ದೆ. ಭಾರ ಹೊರುವ ಚಾಸಿಗೆ ತೇಪೆ ಹಾಕುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಕ್ಯಾಬಿನ್ ಕಥೆ ಬೇರೆ. ರಬ್ಬರ್ ಮ್ಯಾಟನ್ನು ಎತ್ತಿದಾಗ ಡ್ರೈವರನ ಪಾದದ ಕೆಳಗಿನ ತಗಡು ಮತ್ತು ಎರಡೂ ಬಾಗಿಲುಗಳ ಕೆಳ ಅಂಚು ತುಕ್ಕು ತಿಂದು ಜರಡಿಯಾಗಿದ್ದವು. ಬಾಗಿಲಿನ ಒಳಗೆ ಇಳಿದ ಮಳೆನೀರು ಹೊರಗೆ ಹೋಗಲು ಕೆಳಗೆ ಸಣ್ಣ ರಂಧ್ರಗಳಿರುತ್ತವೆ; ಅವುಗಳಲ್ಲಿ ಮಣ್ಣು ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ಒಳಗಿನಿಂದ ಕೊರೆಯುತ್ತದೆ, ಹೊರಗೆ ಬಣ್ಣದ ಗುಳ್ಳೆ ಕಾಣಿಸುವ ಹೊತ್ತಿಗೆ ತಗಡು ಮುಗಿದಿರುತ್ತದೆ. ತುಕ್ಕಿನ ಮೇಲೆಯೇ ಪುಟ್ಟಿ ಬಳಿದು ಮುಚ್ಚುವ ಪದ್ಧತಿ ನಮ್ಮಲ್ಲಿ ಧಾರಾಳವಾಗಿದೆ. ಪುಟ್ಟಿ ತೇವವನ್ನು ಹೀರುತ್ತದೆಯಾದ್ದರಿಂದ ಅದು ಎರಡು ಮಳೆಗಾಲ ಕಂಡರೆ ಹೆಚ್ಚು. ನಾನು ಹೊಳೆಯುವ ಕಬ್ಬಿಣ ಕಾಣುವವರೆಗೂ ಕತ್ತರಿಸಿ, ರಟ್ಟಿನಲ್ಲಿ ಆಕಾರ ತೆಗೆದು, 18 ಗೇಜಿನ ತಗಡಿನಲ್ಲಿ ತುಂಡುಗಳನ್ನು ಮಾಡಿಕೊಂಡೆ. ವೆಲ್ಡಿಂಗಿಗೆ ಬಾಡಿಗೆಗೆ ತಂದದ್ದು ಸಿಒ2 ಯಂತ್ರ, ಅಂದರೆ ಇಂಗಾಲದ ಡೈಆಕ್ಸೈಡ್ ಹಾಯಿಸುತ್ತಾ ತೆಳು ತಂತಿಯಿಂದ ಬೆಸೆಯುವಂಥದ್ದು. ಕಡ್ಡಿ ವೆಲ್ಡಿಂಗ್ ಇಷ್ಟು ತೆಳುವಾದ ತಗಡನ್ನು ಸುಟ್ಟು ತೂತು ಮಾಡುತ್ತದೆ, ಗ್ಯಾಸ್ ವೆಲ್ಡಿಂಗಿನ ಬಿಸಿಗೆ ಇಡೀ ಹಾಳೆ ಅಲೆಯಾಗಿ ಸೊಟ್ಟಗಾಗುತ್ತದೆ. ಈ ಯಂತ್ರದಲ್ಲೂ ಉದ್ದ ಗೆರೆ ಎಳೆಯಬಾರದು. ಇಲ್ಲೊಂದು ಚುಕ್ಕೆ, ಒಂದು ಗೇಣು ಆಚೆಗೆ ಇನ್ನೊಂದು ಚುಕ್ಕೆ ಇಟ್ಟು, ಕೈಯಿಂದ ಮುಟ್ಟುವಷ್ಟು ತಣಿದ ಮೇಲೆ ನಡುವಿನ ಜಾಗವನ್ನು ತುಂಬುತ್ತಾ ಬರಬೇಕು. ವೆಲ್ಡಿಂಗ್ ಶುರುವಾಗುವ ಮುನ್ನ ಬ್ಯಾಟರಿಯ ತಂತಿ ಮತ್ತು ಆಲ್ಟರ್ನೇಟರಿನ ತಂತಿ ಎರಡನ್ನೂ ಬಿಚ್ಚಿಡುವುದು ಕಡ್ಡಾಯ, ಇಲ್ಲದಿದ್ದರೆ ಆಲ್ಟರ್ನೇಟರಿನೊಳಗಿನ ಡಯೋಡುಗಳು ಹೋಗುತ್ತವೆ. ಒಳಗಿನ ಪೊಳ್ಳು ಜಾಗಗಳಿಗೆ ಹಳೆಯ ಎಂಜಿನ್ ಆಯಿಲ್ ಸುರಿಯಿರಿ ಎಂದು ಹಲವರು ಹೇಳಿದರು. ಸೈಟಿನ ಯಜಮಾನರ ಮಾತು ನೆನಪಿದ್ದುದರಿಂದ ಮಾತ್ರವಲ್ಲ, ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಕಾರಣಕ್ಕೂ ನಾನು ಮೇಣದ ಸ್ಪ್ರೇ ಬಳಸಿದೆ.

ಬ್ರೇಕಿಗೆ ಬರೋಣ. ಹಿಂದಿನ ಡ್ರಮ್‌ಗಳನ್ನು ಬಿಚ್ಚಿದಾಗ ಕಾಣುವ ಕಪ್ಪು ಧೂಳನ್ನು ಕಂಪ್ರೆಸರಿನಿಂದ ಊದುವುದು ಎಲ್ಲೆಡೆ ಕಾಣುವ ಅಭ್ಯಾಸ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ, ಅದು ಶ್ವಾಸಕೋಶಕ್ಕೆ ಹೋಗಬಾರದ ವಸ್ತು; ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ವೀಲ್ ಸಿಲಿಂಡರ್ ಮತ್ತು ಮಾಸ್ಟರ್ ಸಿಲಿಂಡರಿನ ಕಿಟ್‌ಗಳನ್ನು ಬದಲಾಯಿಸುವುದು ಮನೆಯಲ್ಲೇ ಆಯಿತು. ಆ ರಬ್ಬರುಗಳಿಗೆ ಡೀಸೆಲ್ ಅಥವಾ ಪೆಟ್ರೋಲ್ ತಾಗಿದರೆ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತವೆ, ಹಾಗಾಗಿ ತೊಳೆಯುವುದಕ್ಕೂ ಬ್ರೇಕ್ ಆಯಿಲನ್ನೇ ಉಪಯೋಗಿಸಬೇಕು. ಡ್ರಮ್‌ಗಳನ್ನು ಮಾತ್ರ ಒಳಮೈ ಕೊರೆದು ಸಮ ಮಾಡಿಸಲು (ಟರ್ನಿಂಗ್) ಪೀಣ್ಯದ ಲೇತ್ ಅಂಗಡಿಗೆ ಕೊಂಡೊಯ್ದೆ. ಅಲ್ಲಿನವರು ಒಳ ವ್ಯಾಸವನ್ನು ಅಳೆದು, "ಅಣ್ಣಾ, ಎಡಗಡೇದು ಇನ್ನೊಂದು ಟರ್ನಿಂಗ್ ತಡಿಯುತ್ತೆ, ಬಲಗಡೇದು ತಡಿಯಲ್ಲ, ಹೊಸದು ತಗೊಳ್ಳಿ" ಎಂದರು. ಒಂದೇ ಆಕ್ಸಲ್ಲಿನಲ್ಲಿ ಒಂದು ಹಳೆಯದು, ಒಂದು ಹೊಸದು ಇರಬಾರದೆಂದು ಎರಡನ್ನೂ ಹೊಸದಾಗಿಯೇ ಕೊಂಡೆ. ಶಿವಾಜಿನಗರದ ಗುಜರಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತಿತ್ತು, ಆದರೆ ಬ್ರೇಕ್, ಸ್ಟಿಯರಿಂಗ್ ಸಾಮಾನುಗಳನ್ನು ನಾನು ಗುಜರಿಯಿಂದ ತರುವುದಿಲ್ಲ. ಬಾಗಿಲಿನ ಹಿಡಿಕೆ, ಗಾಜು, ಡ್ಯಾಶ್‌ಬೋರ್ಡಿನ ಚೌಕಟ್ಟು ಇವೆಲ್ಲ ಅಲ್ಲಿಂದಲೇ ಬಂದವು.

ಈ ಎಂಜಿನ್ನಿನಲ್ಲಿ, ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತವನ್ನು ಕೊಡುವುದು ಆಲ್ಟರ್ನೇಟರಿನ ಬೆನ್ನಿಗಿರುವ ಸಣ್ಣ ವ್ಯಾಕ್ಯೂಮ್ ಪಂಪ್. ಅದರ ಸೀಲ್ ಹೋದರೆ ಎಂಜಿನ್ ಆಯಿಲ್ ಆಲ್ಟರ್ನೇಟರಿನೊಳಗೆ ಇಳಿಯುತ್ತದೆ, ಆಗ ಚಾರ್ಜಿಂಗ್ ದೋಷವೂ ಬ್ರೇಕಿನ ದೋಷವೂ ಜೊತೆಯಾಗಿ ಬರುತ್ತವೆ. ಪರೀಕ್ಷೆ ಸುಲಭ: ಎಂಜಿನ್ ಆಫ್ ಇರುವಾಗ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಟ್ಟು, ಆಮೇಲೆ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿದರೆ ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು.

ಎಂಜಿನ್ನನ್ನು ನಾನು ತೆರೆಯಲೇ ಇಲ್ಲ. ಕಂಪ್ರೆಷನ್ ನಾಲ್ಕರಲ್ಲೂ ಸರಿಸಮವಾಗಿತ್ತು, ನೀಲಿ ಹೊಗೆ ಇರಲಿಲ್ಲ, ಇದ್ದದ್ದು ಎಕ್ಸಲರೇಟರ್ ಒತ್ತಿದಾಗಿನ ಕಪ್ಪು ಹೊಗೆ. ಟ್ಯಾಂಕನ್ನು ಇಳಿಸಿ ತೊಳೆದು, ಏರ್ ಫಿಲ್ಟರ್ ಮತ್ತು ಡೀಸೆಲ್ ಫಿಲ್ಟರ್ ಬದಲಾಯಿಸಿ, ಪಂಪ್ ಮತ್ತು ನಾಜಲ್‌ಗಳನ್ನು ಪಂಪ್ ವರ್ಕ್‌ಶಾಪಿಗೆ ಕೊಟ್ಟೆ. ಡೀಸೆಲ್ ಪಂಪ್ ತಯಾರಿಸುತ್ತಿದ್ದ ಆಡುಗೋಡಿಯ ಮೈಕೊ ಕಾರ್ಖಾನೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಪಂಪುಗಳ ಮರ್ಮ ಬಲ್ಲ ಕೈಗಳು ಈ ಊರಿನಲ್ಲಿ ಇನ್ನೂ ಇವೆ. ಟೆಸ್ಟ್ ಬೆಂಚಿನ ಮೇಲೆ ಸರಿಹೊಂದಿಸಬೇಕಾದ ಸ್ಕ್ರೂಗಳನ್ನು ಅಂದಾಜಿನಲ್ಲಿ ತಿರುಗಿಸುವ ಅಗತ್ಯ ಇಲ್ಲಿ ಯಾರಿಗೂ ಇಲ್ಲ. ಪಂಪ್ ಮರಳಿ ಕೂರಿಸಿದ ಮೇಲೆ ಏರ್ ತೆಗೆಯುವುದು ಮನೆಯ ಕೆಲಸ. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪನ್ನು ಒತ್ತಿ, ಬಳಿಕ ನಾಜಲ್ ಪೈಪುಗಳ ನಟ್ಟುಗಳನ್ನು ಸಡಿಲಿಸಿ ಸ್ಟಾರ್ಟರ್ ತಿರುಗಿಸಿ ಒಂದೊಂದಾಗಿ ಬಿಗಿಯುತ್ತಾ ಬಂದರೆ ಎಂಜಿನ್ ಗುಡುಗಿ ಎದ್ದೇಳುತ್ತದೆ. ರೇಡಿಯೇಟರಿನಲ್ಲಿ ಕಟ್ಟಿಕೊಂಡಿದ್ದ ಬಿಳಿ ಗಾರೆ ನೋಡಿದರೆ ಅಷ್ಟು ವರ್ಷವೂ ಬೋರ್‌ವೆಲ್ ನೀರನ್ನೇ ಕುಡಿದಿತ್ತೆಂದು ಗೊತ್ತಾಗುತ್ತಿತ್ತು. ನಮ್ಮ ಕಡೆಯ ಬೋರಿನ ಗಡಸು ನೀರಿಗೆ ಎಂಜಿನ್ನಿನಲ್ಲಿ ಜಾಗವಿಲ್ಲ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಮಾತ್ರ.

ಹೆಡ್‌ಲೈಟ್ ಮಂಕಾಗಿದೆಯೆಂದು ಹೆಚ್ಚು ವ್ಯಾಟಿನ ಬಲ್ಬ್ ಹಾಕುವವರು ಮೊದಲು ಮಲ್ಟಿಮೀಟರ್ ಹಿಡಿದು ನೋಡಬೇಕು. ನನ್ನ ಗಾಡಿಯಲ್ಲಿ ಬ್ಯಾಟರಿಯ ಬಳಿ 12.6 ವೋಲ್ಟ್ ಇದ್ದರೆ ಬಲ್ಬಿನ ಬಳಿ 10.8 ಇತ್ತು. 60 ವ್ಯಾಟಿನ ಎರಡು ಬಲ್ಬ್‌ಗಳೆಂದರೆ ಸುಮಾರು 10 ಆಂಪಿಯರ್. ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಸವೆದ ಸ್ವಿಚ್ಚನ್ನು ಸುತ್ತಿ ಬರುತ್ತಿತ್ತು. ಎಸ್.ಪಿ. ರಸ್ತೆಯಿಂದ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ತಂದು, ಹಳೆಯ ಸ್ವಿಚ್ಚಿನ ತಂತಿಯನ್ನು 86ನೇ ಕಾಲಿಗೂ, ಅರ್ತನ್ನು 85ಕ್ಕೂ, ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ದಪ್ಪ ತಂತಿಯನ್ನು 30ಕ್ಕೂ, ಬಲ್ಬಿಗೆ ಹೋಗುವುದನ್ನು 87ಕ್ಕೂ ಕೊಟ್ಟೆ. ಮೊದಲಿದ್ದ ಬಲ್ಬ್‌ಗಳೇ ಹೊಸದರಂತೆ ಉರಿದವು, ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿಯ ಹಂಗು ಬೇಕಾಗಲಿಲ್ಲ.

ಇನ್ನು ಮಾರ್ಪಾಡಿನ ಮಾತು. ಗೆಳೆಯರ ಆಸೆಗಳು ದೊಡ್ಡದಿದ್ದವು: ಎತ್ತರಿಸಿದ ಸಸ್ಪೆನ್ಷನ್, ಅಗಲ ಟಯರ್, ಮುಂದೆ ಬುಲ್ ಬಾರ್. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ನಮೂದಿಸಿದ ಮೂಲ ವಿವರಗಳಿಂದ ಆರ್‌ಸಿ ಬೇರೆಯಾಗುವಂಥ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಬುಲ್ ಬಾರ್ ತೆಗೆಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷ ವರ್ಷವೂ ಎಫ್‌ಸಿ (ಸುಸ್ಥಿತಿ ಪ್ರಮಾಣಪತ್ರ) ಆಗಬೇಕಾದ್ದರಿಂದ ಇಂಥವು ಮುಚ್ಚಿಡುವ ವಿಷಯವೂ ಅಲ್ಲ. ಕಾನೂನು ಒತ್ತಟ್ಟಿಗಿರಲಿ, ಕುಂಡ ಹೊರುವ ಗಾಡಿ ಎತ್ತರವಾದರೆ ಕೂಲಿಯವರ ಬೆನ್ನಿಗೆ ಕಷ್ಟ.

ಸ್ಪ್ರಿಂಗಿನ ಕಮಾನು ಪಟ್ಟಿಗಳಲ್ಲಿ ಒಂದನ್ನು ತೆಗೆದರೆ ಖಾಲಿ ಗಾಡಿ ಕುಣಿಯುವುದು ಕಡಿಮೆಯಾಗುತ್ತದೆಂಬ ಸಲಹೆಯನ್ನೂ ಒಪ್ಪಲಿಲ್ಲ. ಪಟ್ಟಿ ತೆಗೆದರೆ ಹೊರುವ ಶಕ್ತಿ ತಗ್ಗುತ್ತದೆ. ಅದಲ್ಲದೆ, ಹೊರೆಗೆ ತಕ್ಕಂತೆ ಹಿಂಬ್ರೇಕಿನ ಒತ್ತಡವನ್ನು ಹೊಂದಿಸುವ ವಾಲ್ವ್ ಇರುವ ಗಾಡಿಗಳಲ್ಲಿ ಅದು ಚಾಸಿಗೂ ಆಕ್ಸಲ್ಲಿಗೂ ನಡುವಿನ ಅಂತರವನ್ನೇ ಹೊರೆಯ ಅಳತೆಯಾಗಿ ತಿಳಿಯುತ್ತದೆ. ಪಟ್ಟಿ ಬದಲಾದರೆ ಆ ಲೆಕ್ಕವೂ ತಪ್ಪುತ್ತದೆ. ಪಟ್ಟಿಗಳನ್ನು ಬಿಚ್ಚಿ, ತುಕ್ಕು ತೆಗೆದು, ಕಮಾನಿನವರಿಂದ ಬಾಗು ಸರಿಮಾಡಿಸಿ, ಹೊಸ ಬುಷ್ ಹಾಕಿ ಕಟ್ಟಿದ್ದಕ್ಕೇ ಅರ್ಧ ಕುಣಿತ ನಿಂತಿತು. ಯು ಬೋಲ್ಟುಗಳನ್ನು ಒಮ್ಮೆ ಲೋಡು ಹಾಕಿ ಓಡಿಸಿದ ನಂತರ ಮತ್ತೆ ಬಿಗಿಯಬೇಕು.

ನಿಜವಾಗಿ ನಾನು ಬದಲಿಸಿದ್ದು ಹಿಂದಿನ ಬಾಡಿಯ ನೆಲವನ್ನು. ಎಲ್ಲರೂ ಹಾಕಿಸುವುದು 3 ಮಿ.ಮೀ. ಚೆಕರ್ಡ್ ಪ್ಲೇಟ್, ಚದರ ಮೀಟರಿಗೆ ಸುಮಾರು 25 ಕೆ.ಜಿ. ತೂಗುವ ಅದನ್ನು ನಾಲ್ಕು ಚದರ ಮೀಟರಿಗೆ ಹಾಸಿದರೆ 100 ಕೆ.ಜಿ. ಗಾಡಿಗೇ ಸೇರುತ್ತದೆ, ಅಷ್ಟು ಗೊಬ್ಬರ ಕಡಿಮೆ ಹೊರಬೇಕು. ಅಲ್ಯೂಮಿನಿಯಂ ಹಗುರವಾದರೂ ಒದ್ದೆ ಕಬ್ಬಿಣಕ್ಕೆ ತಾಗಿದಲ್ಲಿ ಅದೇ ಸವೆಯುತ್ತದೆ. ಐಎಸ್ 710 ಗುರುತಿನ 12 ಮಿ.ಮೀ. ಮೆರೈನ್ ಪ್ಲೈವುಡ್ ತಂದು, ಕತ್ತರಿಸಿದ ಅಂಚುಗಳಿಗೆಲ್ಲ ಎಪಾಕ್ಸಿ ಕುಡಿಸಿ, ಅಡಿಗೆ ರಬ್ಬರ್ ಪಟ್ಟಿ ಕೊಟ್ಟು ಬೋಲ್ಟಿನಲ್ಲಿ ಕೂರಿಸಿದೆ. ಗಿಡಗಳ ನೀರು ಇಳಿಯಲು ಸುತ್ತ ಬೆರಳಗಲ ಸಂದು ಬಿಟ್ಟಿದ್ದೇನೆ, ಸಿಪ್ಪೆಯೋ ಎಲೆಯೋ ಸೇರಿಕೊಂಡರೆ ಹಲಗೆ ಎತ್ತಿ ತೊಳೆಯಬಹುದು. ಹಗ್ಗ ಕಟ್ಟುವ ಕೊಂಡಿಗಳೆಲ್ಲ ಬಾಡಿಯ ಅಡ್ಡಪಟ್ಟಿಗಳಿಗೇ ಬೋಲ್ಟಾಗಿವೆ. ಚಾಸಿಯ ಮೇಲಂಚು, ಕೆಳಂಚುಗಳಲ್ಲಿ ಬಾಗುವ ಒತ್ತಡ ಅತಿ ಹೆಚ್ಚಿರುವುದರಿಂದ ಅಲ್ಲಿ ರಂಧ್ರ ಕೊರೆಯುವುದೂ ವೆಲ್ಡ್ ಮಾಡುವುದೂ ಬಿರುಕನ್ನು ಕರೆದಂತೆ.

ಬಣ್ಣಕ್ಕೆ ಮುನ್ನ ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳುವಾಗಿ ಪುಟ್ಟಿ, ನೀರು ಹಾಕಿ ವಾಟರ್ ಪೇಪರ್ ಉಜ್ಜುವುದು ಇವಿಷ್ಟನ್ನು ಮನೆಯಲ್ಲಿ ಮುಗಿಸಿ, ಕೊನೆಯ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಬೂತ್ ಇರುವಲ್ಲಿ ಹೊಡೆಸಿದೆ. ಅದರ ಹಾರ್ಡನರಿನಲ್ಲಿರುವ, ಉಸಿರಿಗೆ ಹಾನಿಕರವಾದ ಐಸೊಸಯನೇಟನ್ನು ಮಾಮೂಲಿ ಮಾಸ್ಕ್ ತಡೆಯುವುದಿಲ್ಲ, ಅಕ್ಕಪಕ್ಕದಲ್ಲಿ ಮಕ್ಕಳಿರುವ ಬೀದಿಯಲ್ಲಿ ಅದನ್ನು ಗಾಳಿಗೆ ಬಿಡುವುದು ಸಲ್ಲದು. ಬಣ್ಣ ಆರ್‌ಸಿಯಲ್ಲಿರುವ ಬಿಳಿಯೇ.

ಹೊಗೆ ತಪಾಸಣೆಯಲ್ಲಿ ಬಿಎಸ್-4 ಮಾಲಿನ್ಯ ಮಾನದಂಡಕ್ಕೆ ಮುಂಚಿನ ಡೀಸೆಲ್ ಗಾಡಿಗಳಿಗಿರುವ ಮಿತಿ 65 ಹಾರ್ಟ್‌ರಿಜ್ (ಹೊಗೆಯ ದಟ್ಟತೆಯ ಅಳತೆ). ನಾಜಲ್ ಕೆಲಸದ ನಂತರ ನನ್ನದು ಅದರ ಒಳಗೆ ಆರಾಮವಾಗಿ ಬಂತು. ಎಫ್‌ಸಿಯ ದಿನ ಇನ್‌ಸ್ಪೆಕ್ಟರು ಬ್ರೇಕ್, ಲೈಟು, ರಿಫ್ಲೆಕ್ಟರ್ ಪಟ್ಟಿಗಳನ್ನು ನೋಡಿದರು, ಚಾಸಿ ನಂಬರನ್ನು ಪೆನ್ಸಿಲಿನಲ್ಲಿ ಉಜ್ಜಿ ತೆಗೆದರು, ಪ್ಲೈವುಡ್ ನೆಲವನ್ನು ಬೆರಳಿನಿಂದ ತಟ್ಟಿ ಏನೂ ಹೇಳದೆ ಸಹಿ ಹಾಕಿದರು. ಮೂರನೇ ಗೇರಿನಲ್ಲಿ ಒಂದು ಸಣ್ಣ ಕೊರೆತದ ಸದ್ದು ಇನ್ನೂ ಉಳಿದಿದೆ. ಬೇರಿಂಗ್ ಇರಬೇಕು, ಗೇರ್‌ಬಾಕ್ಸ್ ಇಳಿಸುವ ಕೆಲಸ ನರ್ಸರಿಯ ಮಳೆಗಾಲದ ವ್ಯಾಪಾರ ಮುಗಿದ ಮೇಲೆ.