ಬೇರುಗಂಟು ಹುಳುಗಳ ನೆಂಟಸ್ತಿಕೆ ಪತ್ತೆ ಹೇಗೆ?

ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ಗಿಡ ಸೊರಗಿದರೆ ಬೇರು ಅಗೆದು ನೋಡಿ. ತುಂಬಾ ಗಂಟುಗಳಿದ್ದರೆ ಅದು ಮೆಲಾಯ್ಡೊಗೈನ್ ಎಂಬ ಜಂತುಹುಳುವಿನ ಕೆಲಸ. ಎರಡು ತೋಟದ ಹುಳುಗಳು ಒಂದೇ ಜಾತಿಯವಾ? ಸುಮ್ನೆ ಗಂಟು ನೋಡಿ ಹೇಳಲಾಗದು. ಹುಳುವಿನ ಪ್ರೋಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿದಾಗ ಮೂಡುವ ಪಟ್ಟೆಗಳು ಹೇಳುತ್ತವೆ. ಲ್ಯಾಬ್ ಸೌಲಭ್ಯವಿರುವ ಎಂ.ಎಸ್ಸಿ. ವಿದ್ಯಾರ್ಥಿಗಳು ಇದನ್ನು ಮಾಡಬಹುದು.

ಬೇರನ್ನು ಹಸಿ ಮಣ್ಣಿನ ಸಮೇತ ತನ್ನಿ, ಒಣಗಲು ಬಿಡಬೇಡಿ. ಪ್ರತಿ ತೋಟಕ್ಕೂ ಬೇರೆ ಚೀಲ, ಬೇರೆ ಚೀಟಿ.

ಮುಂದಿನದು ತಾಳ್ಮೆಯ ಕೆಲಸ. ಸೂಕ್ಷ್ಮದರ್ಶಕದ ಕೆಳಗೆ ಗಂಟನ್ನು ಸೂಜಿಯಿಂದ ಮೆಲ್ಲಗೆ ಬಿಡಿಸಿ. ಅಂಟಂಟಾದ ಮೊಟ್ಟೆ ಗುಂಪಿನ ಪಕ್ಕದಲ್ಲೇ ಹಾಲು ಬಣ್ಣದ, ಪೇರು ಹಣ್ಣಿನ ಆಕಾರದ ಹೆಣ್ಣು ಸಿಗುತ್ತದೆ. ಆಗಷ್ಟೇ ಮೊಟ್ಟೆ ಇಡತೊಡಗಿದ್ದೇ ಬೇಕು. ಮುದಿ ಹೆಣ್ಣು, ಗಂಡು, ಮರಿ ಬೇಡ. ಒಂದೊಂದು ಹುಳುವನ್ನು ಬೇರೆ ಬೇರೆಯಾಗಿ, ಮಂಜುಗಡ್ಡೆಯ ಮೇಲಿಟ್ಟ ಸಕ್ಕರೆ ಮತ್ತು ಟ್ರೈಟಾನ್ (ಸೌಮ್ಯ ಮಾರ್ಜಕ) ಬೆರೆಸಿದ ಬಫರ್ ದ್ರಾವಣದಲ್ಲಿ ಅರೆಯಿರಿ. ಹತ್ತು ಹುಳು ಒಟ್ಟಿಗೆ ಅರೆದರೆ ಎರಡು ಜಾತಿಯ ಪಟ್ಟೆಗಳು ಬೆರೆತು ಹೊಸದೊಂದು ಜಾತಿಯಂತೆ ಕಾಣುವ ಅಪಾಯವಿದೆ.

ಆ ರಸವನ್ನು ಪಾಲಿಅಕ್ರಿಲಮೈಡ್ ಜೆಲ್‌ಗೆ ಹಾಕಿ ತಂಪಿನಲ್ಲಿ ವಿದ್ಯುತ್ ಹರಿಸಿ. ಕಿಣ್ವ, ಅಂದರೆ ನಾವು ನೋಡಬೇಕಾದ ಪ್ರೋಟೀನು, ಜೀವಂತವಾಗಿರಬೇಕು, ಹಾಗಾಗಿ ಪ್ರೋಟೀನನ್ನು ಕೆಡಿಸುವ ಎಸ್‌ಡಿಎಸ್ ಎಂಬ ಮಾರ್ಜಕ ಬೇಡ. ಹಸಿ ಅಕ್ರಿಲಮೈಡ್ ವಿಷ, ಕೈಗವಸು ಕಡ್ಡಾಯ. ಜೆಲ್‌ನಲ್ಲಿ ಹೋಲಿಸಿ ನೋಡಲು ಮೆಲಾಯ್ಡೊಗೈನ್‌ನ ಜವಾನಿಕಾ ಎಂಬ ಜಾತಿಯ ಹುಳುವಿನ ರಸವೂ ಇರಲಿ. ಆಮೇಲೆ ಆಲ್ಫಾ ನ್ಯಾಫ್ತೈಲ್ ಅಸಿಟೇಟ್ ಮತ್ತು ಫಾಸ್ಟ್ ಬ್ಲೂ ಬಣ್ಣದಲ್ಲಿ ಅದ್ದಿ ಕತ್ತಲಲ್ಲಿ ಇಟ್ಟರೆ ಎಸ್ಟರೇಸ್ ಕಿಣ್ವದ ಪಟ್ಟೆಗಳು ಮೂಡುತ್ತವೆ. ಜವಾನಿಕಾಗೆ ಮೂರು, ಇನ್ನೊಂದು ಜಾತಿಯಾದ ಇನ್‌ಕಾಗ್ನಿಟಾಗೆ ಒಂದು ಅಥವಾ ಎರಡು. ಈ ವಿಧಾನವನ್ನು 1985ರಲ್ಲಿ ಎಸ್ಬೆನ್‌ಶೇಡ್ ಮತ್ತು ಟ್ರೈಯಾಂಟಫಿಲೂ ಎಂಬ ವಿಜ್ಞಾನಿಗಳು ಅನೇಕ ದೇಶಗಳ ಹುಳುಗಳ ಮೇಲೆ ಪರೀಕ್ಷಿಸಿ ತೋರಿಸಿದರು. ಈ ಎರಡೂ ಜಾತಿಗಳ ಹೆಣ್ಣುಗಳು ಗಂಡಿನ ಜೊತೆ ಕೂಡದೆಯೇ ಮೊಟ್ಟೆ ಇಡುತ್ತವೆ. ಹಾಗಾಗಿ ತಾಯಿಯ ಪಟ್ಟೆಯೇ ಮಗಳಿಗೂ ಇಳಿಯುತ್ತದೆ, ಅದಕ್ಕೇ ಇದು ನಂಬಿಕೆಗೆ ಯೋಗ್ಯ.

ನೆಂಟಸ್ತಿಕೆ ಅಳೆಯಲು ಒಂದೇ ಕಿಣ್ವ ಸಾಲದು. ಮ್ಯಾಲೇಟ್ ಡಿಹೈಡ್ರೋಜಿನೇಸ್‌ನಂಥ ಇನ್ನೂ ಕೆಲವು ಬೇಕು. ಒಂದು ತೋಟದ ಹುಳುವಿಗೆ ಒಟ್ಟು 8 ಪಟ್ಟೆ, ಇನ್ನೊಂದಕ್ಕೆ 6, ಎರಡಕ್ಕೂ ಸಮಾನವಾದವು 6 ಅಂದುಕೊಳ್ಳಿ. ಸಮಾನವಾದವುಗಳ ಎರಡರಷ್ಟನ್ನು ಒಟ್ಟು 14ರಿಂದ ಭಾಗಿಸಿ: 0.86. 1ಕ್ಕೆ ಹತ್ತಿರವಾದಷ್ಟೂ ನೆಂಟಸ್ತಿಕೆ ಜಾಸ್ತಿ.

ಪಟ್ಟೆಗಳು ಒಂದೇ ಇದ್ದ ಮಾತ್ರಕ್ಕೆ ಹುಳು ಒಂದೇ ನರ್ಸರಿಯಿಂದ ಬಂತೆಂದು ತೀರ್ಮಾನಿಸಬೇಡಿ. ಜವಾನಿಕಾ ಎಲ್ಲಿದ್ದರೂ ಸಾಮಾನ್ಯವಾಗಿ ಅದೇ ಮೂರು ಪಟ್ಟೆ ತೋರಿಸುತ್ತದೆ. ಗುರುತಿಲ್ಲದ ಪಟ್ಟೆ ಕಂಡರೆ ಡಿಎನ್‌ಎ ಪರೀಕ್ಷೆಗೆ ಕಳುಹಿಸಿ. ಅದಕ್ಕಾಗಿ ಅದೇ ಬೇರಿನ ಕೆಲವು ಹೆಣ್ಣುಗಳನ್ನು ಮೊದಲೇ ಫ್ರೀಜರ್‌ನಲ್ಲಿ ಎತ್ತಿಡಿ.