ಪಾಳಿ ಕೆಲಸದ ನಡುವೆ ಹಣ್ಣಿನ ಕುಕೀಸ್: ಹಿಟ್ಟು ಒಂದು ದಿನ, ಬೇಯಿಸುವುದು ಇನ್ನೊಂದು ದಿನ

ಆಸ್ಪತ್ರೆಯ ನವಜಾತ ಶಿಶುಗಳ ನರ್ಸರಿಯಲ್ಲಿ ದುಡಿಯುವವರಿಗೆ ಒಂದೇ ಸಲ ಎರಡು ಗಂಟೆ ಅಡುಗೆಮನೆಯಲ್ಲಿ ನಿಲ್ಲುವಷ್ಟು ಬಿಡುವು ಸಿಗುವುದು ಅಪರೂಪ. ಹಣ್ಣಿನ ಕುಕೀಸ್‌ಗೆ ಅಷ್ಟು ಹೊತ್ತು ಬೇಕಾಗಿಯೂ ಇಲ್ಲ. ರಜೆಯ ದಿನ ಹಿಟ್ಟು ಕಲಸಿ, ಉರುಳೆ ಮಾಡಿ ಫ್ರೀಜರ್‌ನಲ್ಲಿಟ್ಟರೆ ಬೇಕಾದಾಗ ಕತ್ತರಿಸಿ ಬೇಯಿಸಬಹುದು. ತಣ್ಣಗಿಟ್ಟ ಹಿಟ್ಟು ಓವನ್‌ನಲ್ಲಿ ಹರಡುವುದೂ ಕಡಿಮೆ.

ಬೇಕಾಗುವುದಿಷ್ಟು: ಮೈದಾ 200 ಗ್ರಾಂ, ಉಪ್ಪಿಲ್ಲದ ಬೆಣ್ಣೆ 120 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ, ಒಂದು ಮೊಟ್ಟೆಯ ಹಳದಿ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ, ಒಣಹಣ್ಣು 100 ಗ್ರಾಂ. ಸುಮಾರು 30 ಕುಕೀಸ್ ಆಗುತ್ತವೆ. ಲೋಟದಲ್ಲಿ ಅಳೆಯಬೇಡಿ, ತೂಕ ಮಾಡಿ. ಮೈದಾ ಒತ್ತಿ ತುಂಬಿದರೆ ಅಳತೆ ಸುಲಭವಾಗಿ ತಪ್ಪುತ್ತದೆ.

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವುದು ಹಣ್ಣು. ತಾಜಾ ಹಣ್ಣು ಬೇಡ, ಅದರ ನೀರಿನಿಂದ ಕುಕೀಸ್ ಮೆತ್ತಗಾಗಿ ಕೇಕಿನಂತಾಗುತ್ತದೆ. ಒಣದ್ರಾಕ್ಷಿ, ಖರ್ಜೂರ, ಏಪ್ರಿಕಾಟ್ ಯಾವುದಾದರೂ ಆದೀತು. ಆದರೆ ತೀರಾ ಒಣಗಿದ ಹಣ್ಣನ್ನು ಹಾಗೇ ಹಾಕಿದರೆ ಬೇಯುವಾಗ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಿಸಿ ನೀರಿನಲ್ಲಿ 10 ನಿಮಿಷ ನೆನೆಸಿ, ಸೋಸಿ, ಬಟ್ಟೆಯ ಮೇಲೆ ಹರಡಿ ಒತ್ತಿ ಒರೆಸಿ. ಬೆರಳಿಗೆ ನೀರು ಅಂಟಬಾರದು, ಹಣ್ಣು ಮಾತ್ರ ಮೃದುವಾಗಿರಬೇಕು. ಬಳಿಕ ಬಟಾಣಿಗಿಂತ ಚಿಕ್ಕದಾಗಿ ಹೆಚ್ಚಿ, ಅಳೆದಿಟ್ಟ ಮೈದಾದಲ್ಲೇ ಒಂದು ಚಮಚ ತೆಗೆದು ಹೊರಳಿಸಿ. ತುಂಡು ದೊಡ್ಡದಾದರೆ ಉರುಳೆ ಕತ್ತರಿಸುವಾಗ ಚಾಕು ಅದನ್ನು ಎಳೆದುಕೊಂಡು ಹೋಗಿ ಬಿಲ್ಲೆ ಹರಿಯುತ್ತದೆ.

ಬೆಣ್ಣೆ ಬೆರಳೊತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿರಲಿ, ಕರಗಿ ಹೊಳೆಯುವಂತಿರಬಾರದು. ಸಕ್ಕರೆಯೊಂದಿಗೆ ಎರಡು ನಿಮಿಷ ಕಲಸಿ, ಹಳದಿ ಸೇರಿಸಿ. ಮೈದಾ, ಬೇಕಿಂಗ್ ಪೌಡರ್, ಉಪ್ಪನ್ನು ಜರಡಿ ಹಿಡಿದು ಹಾಕಿ, ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಚಪಾತಿ ಹಿಟ್ಟಿನಂತೆ ನಾದಿದರೆ ಮೈದಾದ ಅಂಟು (ಗ್ಲುಟೆನ್) ಬಿಗಿದು ಕುಕೀಸ್ ಗಡುಸಾಗುತ್ತದೆ. ಕೊನೆಗೆ ಹಣ್ಣು. 4 ಸೆಂ.ಮೀ. ದಪ್ಪದ ಎರಡು ಉರುಳೆ ಮಾಡಿ, ಬಿಗಿಯಾಗಿ ಸುತ್ತಿ, ದಿನಾಂಕ ಬರೆದಿಡಿ. ಫ್ರಿಜ್‌ನಲ್ಲಿ ಎರಡು ದಿನ, ಫ್ರೀಜರ್‌ನಲ್ಲಿ ಎರಡು ತಿಂಗಳು ಇಡಬಹುದು. ಹಸಿ ಹಿಟ್ಟಿನ ರುಚಿ ನೋಡಬೇಡಿ. ಮೊಟ್ಟೆಯಷ್ಟೇ ಅಲ್ಲ, ಬೇಯದ ಮೈದಾದಲ್ಲೂ ರೋಗಾಣು ಇರಬಹುದು.

ಬೇಯಿಸುವ ದಿನ ಓವನ್ ಅನ್ನು 170 ಡಿಗ್ರಿ ಸೆಲ್ಸಿಯಸ್‌ಗೆ 15 ನಿಮಿಷ ಮೊದಲೇ ಕಾಯಿಸಿ, ಫ್ಯಾನ್ ಇರುವುದಾದರೆ 160 ಸಾಕು. ಫ್ರೀಜರ್‌ನ ಉರುಳೆಯನ್ನು 10 ನಿಮಿಷ ಹೊರಗಿಟ್ಟು ಒಂದು ಸೆಂ.ಮೀ. ದಪ್ಪಕ್ಕೆ ಕತ್ತರಿಸಿ. ಮೇಲೆ ಇಣುಕುವ ಹಣ್ಣನ್ನು ಒಳಗೊತ್ತಿ, ಇಲ್ಲವಾದರೆ ಅದರ ಸಕ್ಕರೆ ಸುಟ್ಟು ಕಹಿಯಾಗುತ್ತದೆ. ನಡುವೆ ಜಾಗ ಬಿಟ್ಟು 12ರಿಂದ 14 ನಿಮಿಷ ಬೇಯಿಸಿ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುಭಾಗ ಮೆತ್ತಗಿರುವಾಗಲೇ ಹೊರತೆಗೆಯಿರಿ. ಬಿಸಿ ಟ್ರೇ ಮೇಲೆ ಐದು ನಿಮಿಷದಲ್ಲಿ ಉಳಿದದ್ದು ಬೇಯುತ್ತದೆ. ಒಳಗೇ ಗಟ್ಟಿಯಾಗಲೆಂದು ಕಾದರೆ ತಳ ಕಪ್ಪಾಗುತ್ತದೆ. ತೆಳ್ಳಗೆ ಹರಡಿದರೆ ಉರುಳೆ ಬೆಚ್ಚಗಾಗಿತ್ತು ಅಥವಾ ಟ್ರೇ ಬಿಸಿಯಿತ್ತು ಎಂದರ್ಥ. ಎರಡನೇ ಸರದಿಗೆ ಟ್ರೇ ತಣಿಯಲೇಬೇಕು.

ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಓವನ್ ಹಚ್ಚಬೇಡಿ. ನಿದ್ದೆ ಮಾಡಿ ಎದ್ದಮೇಲೆ ಮಾಡಿದರಾಯಿತು. ಸಮವಸ್ತ್ರ ಬದಲಿಸಿ, ಉಂಗುರ, ಗಡಿಯಾರ ತೆಗೆದಿಟ್ಟೇ ಅಡುಗೆಮನೆಗೆ ಬನ್ನಿ. ವಾಂತಿ, ಭೇದಿ ಇದ್ದಾಗ ಇತರರಿಗಾಗಿ ಮಾಡುವುದೇ ಬೇಡ.

ಕುಕೀಸ್ ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ಹಾಕಿ, ಹಬೆ ಸಿಕ್ಕಿಕೊಂಡರೆ ಗರಿಗರಿತನ ಹೋಗುತ್ತದೆ. ಡಬ್ಬಿಯ ಮೇಲೆ ಗೋಧಿ, ಹಾಲು, ಮೊಟ್ಟೆ ಎಂದು ಬರೆಯಿರಿ, ಬೀಜ ಹಾಕಿದ್ದರೆ ಅದನ್ನೂ. ಸಹೋದ್ಯೋಗಿಗಳಲ್ಲಿ ಅಲರ್ಜಿ ಇರುವವರಿಗೆ ಇದು ಮುಖ್ಯ. ಡಬ್ಬಿ ವಿಶ್ರಾಂತಿ ಕೋಣೆಯಲ್ಲೇ ಇರಲಿ. ಶಿಶುಗಳ ಬಳಿ, ಟ್ರಾಲಿಯ ಮೇಲೆ, ಎದೆಹಾಲು ಅಥವಾ ಔಷಧ ಇಡುವ ಫ್ರಿಜ್‌ನಲ್ಲಿ ಖಂಡಿತ ಬೇಡ. ತಿಂದಮೇಲೆ ಬೆರಳಿನಲ್ಲಿ ಬೆಣ್ಣೆಯ ಜಿಡ್ಡು ಉಳಿದಿರುತ್ತದೆ. ಅದರ ಮೇಲೆ ಸ್ಯಾನಿಟೈಸರ್ ಹಚ್ಚಿದರೆ ಸಾಲದು, ಸೋಪು ಹಚ್ಚಿ 40ರಿಂದ 60 ಸೆಕೆಂಡು ಕೈ ತೊಳೆದು, ಒರೆಸಿಕೊಂಡೇ ಮಕ್ಕಳ ಬಳಿ ಹೋಗಿ.