ತೆಂಗಿನ ತೋಟದ ಹಿಂದೆ ಅಡಗಿದ ಧ್ರುವ

ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ಅರ್ಧ ತಿರುಗಿ ‘ಟಕ್’ ಅಂದಿತು. ಹಿಂದೆಯೇ ಮೋಟಾರ್ ನರಳುವ ಸದ್ದು. ಟಾರ್ಚ್ ಹಾಕಿ ನೋಡಿದರೆ ಟೆಲಿಸ್ಕೋಪಿನ ಭಾರ ಸರಿದೂಗಿಸುವ ಕೌಂಟರ್‌ವೇಟಿನ ಗುಂಡು ಟ್ರೈಪಾಡಿನ ಕಾಲಿಗೆ ಬಡಿದು ನಿಂತಿದೆ. ಆಕಾಶದ ಫೋಟೋ ತೆಗೆಯಲು ಟೆಲಿಸ್ಕೋಪ್ ತರಿಸಿ ಎರಡು ತಿಂಗಳು ವಿಡಿಯೋ ನೋಡಿ ಕಲಿತವನು ನಾನು. ಒಂದರಲ್ಲೂ ಇಂಥದ್ದನ್ನು ಕಂಡಿರಲಿಲ್ಲ.

ಕಾರಣ ಆಮೇಲೆ ಹೊಳೆಯಿತು. ಆ ವಿಡಿಯೋ ಮಾಡಿದವರೆಲ್ಲ ಇಂಗ್ಲೆಂಡ್, ಅಮೆರಿಕ ಕಡೆಯವರು. ಅವರಿಗೆ ಧ್ರುವ ನಕ್ಷತ್ರ ಆಕಾಶದಲ್ಲಿ 40, 50 ಡಿಗ್ರಿ ಎತ್ತರದಲ್ಲಿರುತ್ತದೆ. ನಾನಿದ್ದದ್ದು ತಿಪಟೂರಿನ ಹತ್ತಿರ, ಸೋದರಮಾವನ ಊರಿನಲ್ಲಿ. ಇಲ್ಲಿ ಅದು ಇರುವುದು 13 ಡಿಗ್ರಿ ಎತ್ತರದಲ್ಲಿ. ಮೌಂಟಿನ ಅಕ್ಷ ಧ್ರುವದ ಕಡೆಗೆ ಮುಖ ಮಾಡಬೇಕು, ಅಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಮಲಗಬೇಕು. ಆಗ ತೂಕದ ಸರಳು ನೇರ ಕೆಳಗಿಳಿದು, ಸ್ವಲ್ಪ ಉತ್ತರಕ್ಕೆ ವಾಲಿ, ಅಲ್ಲಿರುವ ಕಾಲನ್ನೇ ಹುಡುಕಿಕೊಂಡು ಹೋಗಿ ಬಡಿಯುತ್ತದೆ.

ಮೊದಲು ಇನ್ನೊಂದು ತೂಕ ಕೊಂಡು ಎರಡನ್ನೂ ಸರಳಿನ ಮೇಲ್ಭಾಗಕ್ಕೆ ಏರಿಸಿದೆ. ಅಷ್ಟರಿಂದ ಪೂರ್ತಿ ಸರಿಹೋಗಲಿಲ್ಲ. ಕೊನೆಗೆ ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಮೌಂಟಿಗೂ ಟ್ರೈಪಾಡಿಗೂ ನಡುವೆ ಕೂರುವ ಗೇಣುದ್ದದ ಪೈಪ್ ಮಾಡಿಸಿದೆ. ಗುಂಡು ಈಗ ಕಾಲಿಗೆ ತಾಗದೆ ಆರಾಮಾಗಿ ಸುತ್ತುತ್ತದೆ. ನಾನು ಖರ್ಚು ಮಾಡಿದ್ದರಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಈ ಪೈಪೇ. ಕ್ಯಾಮೆರಾ ನನ್ನ ಹತ್ತಿರ ಮೊದಲೇ ಇದ್ದ ಹಳೇ ಕ್ಯಾನನ್ ಡಿಎಸ್‌ಎಲ್‌ಆರ್. ಮದುವೆ, ನಾಮಕರಣ ಎಲ್ಲ ನೋಡಿದ್ದು. ಅದನ್ನೇ ಒಂದು ಅಡಾಪ್ಟರ್ ಹಾಕಿ 80 ಎಂಎಂ ಟೆಲಿಸ್ಕೋಪಿನ ಹಿಂದೆ ಕೂರಿಸಿದ್ದೇನೆ. ಫೋಕಲ್ ಲೆಂತ್ 480 ಎಂಎಂ.

ಈ ಜೋಡಿಗೆ ಮೌಂಟ್ ತಿರುಗದಿದ್ದರೆ ನಕ್ಷತ್ರ ಒಂದು ಸೆಕೆಂಡಿಗೆ ಸುಮಾರು 8 ಪಿಕ್ಸೆಲ್ ಜಾರುತ್ತದೆ. ಭೂಮಿ ತಿರುಗುವ ವೇಗ ಅಷ್ಟು. ಮೋಟಾರು ಆ ಜಾರುವಿಕೆಗೆ ಸರಿಯಾಗಿ ಟೆಲಿಸ್ಕೋಪನ್ನು ತಿರುಗಿಸುತ್ತದೆ, ಆದರೆ ಅಕ್ಷ ಧ್ರುವಕ್ಕೆ ಸರಿಯಾಗಿ ನೆಟ್ಟಿದ್ದರೆ ಮಾತ್ರ. ಹಾಗೆ ನೆಡುವುದೇ ನಮ್ಮ ಕಡೆ ದೊಡ್ಡ ಫಜೀತಿ.

ಮಾವನ ಮನೆ ಸುತ್ತ ತೆಂಗು. 18 ಮೀಟರ್ ಎತ್ತರದ ಮರ 75 ಮೀಟರ್ ದೂರದಲ್ಲಿದ್ದರೂ 13 ಡಿಗ್ರಿಯಲ್ಲಿರುವ ಧ್ರುವವನ್ನು ಮುಚ್ಚುತ್ತದೆ. ಇನ್ನು ತೋಟವೇ ಅಡ್ಡ ಇದ್ದರೆ ಕೇಳಬೇಕೆ? ಅದಕ್ಕೇ ಮನೆ ಹಿಂದಿನ ಕಣಕ್ಕೆ ಹೋದೆ. ಈಗ ಎಷ್ಟೋ ಜನ ರಾಗಿಯನ್ನು ಟಾರ್ ರಸ್ತೆ ಮೇಲೆ ಹಾಸಿ ಒಕ್ಕುತ್ತಾರೆ, ಮಾವ ಮಾತ್ರ ಕಣ ಬಿಟ್ಟಿಲ್ಲ. ಗಟ್ಟಿ ನೆಲ, ಸಮತಟ್ಟು, ಮೇಲೆ ತೆರೆದ ಆಕಾಶ. ಮರಗಳೇನೋ ತಪ್ಪಿದವು. ಆದರೆ ಅಷ್ಟು ತಗ್ಗಿನಲ್ಲಿ ಜನವರಿಯ ಮಂಜು, ಒಲೆಯ ಹೊಗೆ ಎಲ್ಲ ಸೇರಿ ಧ್ರುವವನ್ನು ನುಂಗಿಬಿಟ್ಟಿದ್ದವು.

ಆಗ ಕೈ ಹಿಡಿದದ್ದು ಡ್ರಿಫ್ಟ್ ವಿಧಾನ, ಅಂದರೆ ಧ್ರುವ ಕಾಣದಿದ್ದರೂ ಬೇರೆ ನಕ್ಷತ್ರ ಜಾರುವ ರೀತಿ ನೋಡಿ ಅಕ್ಷ ಹೊಂದಿಸುವುದು. ದಿಕ್ಸೂಚಿ ಮತ್ತು ಮೊಬೈಲಿನ ಕೋನ ತೋರಿಸುವ ಆಪ್‌ನಿಂದ ಮೌಂಟನ್ನು ಅಂದಾಜಿನಲ್ಲಿ ಉತ್ತರಕ್ಕೆ, 13 ಡಿಗ್ರಿಗೆ ಇಟ್ಟೆ. ಆಮೇಲೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮಿಂಟಾಕ ನಕ್ಷತ್ರಕ್ಕೆ ಟೆಲಿಸ್ಕೋಪ್ ತಿರುಗಿಸಿದೆ. ಅದು ಆಕಾಶದ ಸಮಭಾಜಕ ವೃತ್ತದ ಮೇಲೆಯೇ ಕೂತಂತಿದೆ, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಶಟರ್ ಒಟ್ಟು 125 ಸೆಕೆಂಡು ತೆರೆದಿಡಬೇಕು. ಮೊದಲ 5 ಸೆಕೆಂಡು ಸುಮ್ನೆ ಬಿಡಬೇಕು, ಚುಕ್ಕೆ ಮೂಡುತ್ತದೆ. ಆಮೇಲೆ ಮೌಂಟಿನ ರಿಮೋಟ್‌ನ ನಿಧಾನದ ವೇಗದಲ್ಲಿ 60 ಸೆಕೆಂಡು ಪಶ್ಚಿಮಕ್ಕೆ, ಮತ್ತೆ 60 ಸೆಕೆಂಡು ವಾಪಸ್ಸು. ಮೌಂಟ್ ಸರಿ ಇದ್ದರೆ ನಕ್ಷತ್ರ ಹೋದ ಗೆರೆಯಲ್ಲೇ ಹಿಂದಕ್ಕೆ ಬರುತ್ತದೆ. ಇಲ್ಲದಿದ್ದರೆ ಎರಡು ಗೆರೆ, ಬಾಯಿ ತೆರೆದ ಇಕ್ಕಳದ ಹಾಗೆ.

ನನ್ನ ಮೊದಲ ಇಕ್ಕಳದಲ್ಲಿ ನಿಂಬೆಹಣ್ಣು ಹಿಡಿಯಬಹುದಿತ್ತು. ಮೌಂಟನ್ನು ಎಡಬಲಕ್ಕೆ ಸರಿಸುವ ಪಕ್ಕದ ಸ್ಕ್ರೂ ಕಾಲು ಸುತ್ತು ತಿರುಗಿಸಿದೆ, ಬಾಯಿ ಇನ್ನೂ ಅಗಲವಾಯಿತು. ಸರಿ, ಆ ಕಡೆ ಅಲ್ಲ. ಉಲ್ಟಾ ತಿರುಗಿಸಿದೆ, ಕಿರಿದಾಯಿತು. ಹೀಗೆ ಏಳು ಸಲ. ಗೆರೆ ಒಂದಾದ ಮೇಲೆ ಪೂರ್ವದಲ್ಲಿ ತಗ್ಗಿನಲ್ಲಿದ್ದ ಒಂದು ನಕ್ಷತ್ರ ಹಿಡಿದು ಇದೇ ಆಟ. ಈ ಸಲ ತಿರುಗಿಸುವುದು ಎತ್ತರದ ಸ್ಕ್ರೂ. ಮುಗಿಸುವಷ್ಟರಲ್ಲಿ ಒಂದೂವರೆ ಗಂಟೆ ಹೋಗಿತ್ತು. ಮಾವ ಕಂಬಳಿ ಹೊದ್ದು ಬಂದು, “ಏನಪ್ಪಾ, ಇನ್ನೂ ಒಂದ್ ಫೋಟೋನೂ ತೆಗ್ದಿಲ್ವಾ?” ಅಂದರು. ಇಲ್ಲ ಮಾವ ಅಂದೆ. ಅವರು ಅಲ್ಲೇ ಕೂತರು.

ಫೋಕಸ್‌ಗೆ ಬಾಹ್ಟಿನೋವ್ ಮಾಸ್ಕ್. ಸೀಳುಗಳಿರುವ ಒಂದು ಮುಚ್ಚಳ ಅಷ್ಟೆ. ಹಾಕಿದರೆ ನಕ್ಷತ್ರದಿಂದ ಮೂರು ಗೆರೆ ಬರುತ್ತವೆ, ನಡುವಿನದು ಸರಿಯಾಗಿ ಮಧ್ಯಕ್ಕೆ ಬಂದರೆ ಮುಗಿಯಿತು. ಆಮೇಲೆ ಮಾಸ್ಕ್ ತೆಗೆಯಲು ಮರೆಯಬೇಡಿ. ನಾನು ಮರೆತಿದ್ದೇನೆ, ಇಪ್ಪತ್ತು ಫೋಟೋ ಆಗುವವರೆಗೂ.

ಗುರಿ ಎಂ 42, ಸುಮಾರು 1,350 ಜ್ಯೋತಿರ್ವರ್ಷ ದೂರದ ನೀಹಾರಿಕೆ, ಅಂದರೆ ಅನಿಲ, ಧೂಳಿನ ಮೋಡ. ಐಎಸ್‌ಒ 800ರಲ್ಲಿ 60 ಸೆಕೆಂಡಿನ 60 ಫೋಟೋ ತೆಗೆದೆ. ಆದರೆ 60 ಸೆಕೆಂಡಿನಲ್ಲಿ ಅದರ ನಡುಭಾಗ ಬೆಳ್ಳಗೆ ಸುಟ್ಟುಹೋಗುತ್ತದೆ, ಅಲ್ಲಿನ ನಾಲ್ಕು ಪುಟ್ಟ ನಕ್ಷತ್ರ ಕಾಣುವುದೇ ಇಲ್ಲ. ಅದಕ್ಕೆ 5 ಸೆಕೆಂಡಿನವು ಬೇರೆ 20. ಎಲ್ಲವನ್ನೂ ಸಿರಿಲ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಪೇರಿಸುವುದು. ಫೋಟೋ ನಾಲ್ಕು ಪಟ್ಟು ಜಾಸ್ತಿಯಾದರೆ ಕಾಳುಕಾಳಾದ ನಾಯ್ಸ್ ಅರ್ಧಕ್ಕಿಳಿಯುತ್ತದೆ. ಕೊನೆಗೆ ಲೆನ್ಸ್ ಮುಚ್ಚಿ ಅಷ್ಟೇ ಹೊತ್ತಿನ 30 ಡಾರ್ಕ್ ಫ್ರೇಮ್, ಅಂದರೆ ಕ್ಯಾಮೆರಾದ್ದೇ ನಾಯ್ಸ್ ಕಳೆಯಲು ತೆಗೆಯುವ ಕತ್ತಲ ಫೋಟೋ. ಇದನ್ನು ಅದೇ ಚಳಿಯಲ್ಲೇ ತೆಗೆಯಬೇಕು, ಮನೆಯೊಳಗೆ ಬೆಚ್ಚಗೆ ಕೂತು ತೆಗೆದದ್ದು ಸರಿಹೊಂದುವುದಿಲ್ಲ. ನಡುವೆ ಲೆನ್ಸ್ ಮೇಲೆ ಇಬ್ಬನಿ ಕೂತು 11 ಫೋಟೋ ಹಾಳಾದವು. ಅತ್ತಿಗೆಯ ಹೇರ್ ಡ್ರೈಯರ್ ತಂದು ಊದಿದೆ.

ಧ್ರುವ ತಗ್ಗಿನಲ್ಲಿರುವುದರಿಂದ ಇಷ್ಟೆಲ್ಲ ಗೋಳು ಅಂತ ಬೈದುಕೊಂಡಿದ್ದೆ. ಏಪ್ರಿಲ್ ಕೊನೆಗೆ ಅದೇ ಕಣದಲ್ಲಿ ದಕ್ಷಿಣಕ್ಕೆ ತಿರುಗಿದೆ. ರಾತ್ರಿ ಹನ್ನೊಂದೂವರೆ ಹೊತ್ತಿಗೆ 30 ಡಿಗ್ರಿ ಎತ್ತರದಲ್ಲಿ ಒಮೆಗಾ ಸೆಂಟಾರಿ, ಲಕ್ಷಾಂತರ ನಕ್ಷತ್ರಗಳ ಗುಚ್ಛ. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ. ಮೊದಲ ಫೋಟೋವನ್ನೇ ಕ್ಯಾಮೆರಾದ ಪರದೆಯಲ್ಲಿ ಮಾವನಿಗೆ ತೋರಿಸಿದೆ. “ರಾಗಿ ಚೆಲ್ದಂಗೈತಲ್ಲ” ಅಂದರು.

ಆ ರಾತ್ರಿಯೇ ಟ್ರೈಪಾಡಿನ ಕಾಲು ನಿಂತ ಮೂರು ಜಾಗದಲ್ಲಿ ಚಪ್ಪಟೆ ಕಲ್ಲು ಹೂತು, ಮೇಲೆ ಬಣ್ಣದ ಗುರುತು ಹಾಕಿದೆ. ಮುಂದಿನ ಸಲ ಹೊಂದಿಸುವ ಕೆಲಸ ಅರ್ಧ ಮುಗಿದಿರುತ್ತದೆ ಅಂತ. ಡಿಸೆಂಬರಿನಲ್ಲಿ ಮಾವನ ಫೋನ್ ಬಂತು. ಒಕ್ಕಣೆಗೆ ಬಂದ ಟ್ರ್ಯಾಕ್ಟರ್ ಹತ್ತಿ ಉತ್ತರದ ಕಲ್ಲು ವಾಲಿದೆಯಂತೆ. ಮತ್ತೆ ಇಕ್ಕಳದಿಂದ ಶುರು ಮಾಡಬೇಕು.